ಹಗ್ಗದ ಲೆಕ್ಕ ಬಲ್ಲವನು: ಹಡಗೆಳೆದ ಆರ್ಕಿಮಿಡೀಸ್

ಸಿರಾಕ್ಯೂಸ್ ನಗರದ ದಡದ ಮೇಲೆ ಮೂರು ಹಾಯಿಕಂಬಗಳ ಹಡಗೊಂದು ನಿಂತಿತ್ತು. ಅರಸನ ನೌಕಾಪಡೆಗೆ ಸೇರಿದ ಆ ಹಡಗನ್ನು ನೀರಿನಿಂದ ಮೇಲಕ್ಕೆಳೆದು ತರಲು ಆಳುಗಳ ದೊಡ್ಡ ಗುಂಪೇ ಬೆವರು ಸುರಿಸಬೇಕಾಗಿ ಬಂದಿತ್ತು. ಅದರೊಳಗೆ ಜನರನ್ನು ಹತ್ತಿಸಿ, ಎಂದಿನಂತೆ ಸರಕನ್ನೂ ತುಂಬಲಾಯಿತು. ಅನಂತರ ಗಣಿತಜ್ಞನೊಬ್ಬ ದೂರದಲ್ಲಿ ಕುಳಿತು, ಹಲವು ರಾಟೆಗಳನ್ನು ಹಾಯ್ದು ಬಂದ ಹಗ್ಗದ ತುದಿಯನ್ನು ಹಿಡಿದು ಸಾವಕಾಶವಾಗಿ ಎಳೆಯತೊಡಗಿದ. ಹಡಗು ಕದಲಿತು. ಕಡಲಿನ ಮೇಲೆ ತೇಲುವ ಹಾಗೆ ಸರಾಗವಾಗಿ ಆತನತ್ತ ಬಂದಿತು. ಕಣ್ಣೆದುರಿಗೇ ಇದನ್ನು ಕಂಡ ಅರಸ ಎರಡನೆಯ ಹಿಯೆರೋ, ತನ್ನ ನಗರದ ರಕ್ಷಣೆಗಾಗಿ ಯಂತ್ರಗಳನ್ನು ನಿರ್ಮಿಸಿಕೊಡುವಂತೆ ಆ ಗಣಿತಜ್ಞನನ್ನು ಒಪ್ಪಿಸಿದ.

ಆತ ಆರ್ಕಿಮಿಡೀಸ್. ಕಥೆಯನ್ನು ಹೀಗೆ ಹೇಳಿದವನು ಗ್ರೀಕ್ ಲೇಖಕ ಪ್ಲೂಟಾರ್ಕ್. ಘಟನೆ ನಡೆದು ಸುಮಾರು 300 ವರ್ಷಗಳಾದ ಬಳಿಕ ಆತ ಅದನ್ನು ಬರೆದ. ಅಂದಿನಿಂದ ಇಂದಿನವರೆಗೆ ಶಾಲಾ ಮಕ್ಕಳಿಗೆ ಸರಳ ಯಂತ್ರಗಳ ಪಾಠ ಹೇಳುವವರು ಈ ಪ್ರಸಂಗವನ್ನು ಬಿಟ್ಟುಕೊಟ್ಟಿಲ್ಲ. ಒಬ್ಬ ಮನುಷ್ಯನ ತೋಳು ಒಂದು ಹಡಗನ್ನು ಎಳೆಯಬಹುದೆ? ಎಳೆಯಬಹುದಾದರೆ ಆ ಬಲ ಎಲ್ಲಿಂದ ಬಂತು? ಆರ್ಕಿಮಿಡೀಸನ ಬದುಕನ್ನು ಅರಿಯಲು ಹೊರಟವರಿಗೆ ಈ ಪ್ರಶ್ನೆಯೇ ಒಳ್ಳೆಯ ಹೆಬ್ಬಾಗಿಲು.

ಸಿಸಿಲಿ ದ್ವೀಪದ ಪೂರ್ವ ತೀರದಲ್ಲಿರುವ ಸಿರಾಕ್ಯೂಸ್, ಕೊರಿಂಥ್ ನಗರದಿಂದ ಬಂದ ಗ್ರೀಕರು ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಕಟ್ಟಿದ ಊರು. ಆರ್ಕಿಮಿಡೀಸ್ ಅಲ್ಲಿ ಜನಿಸಿದ್ದು ಕ್ರಿ.ಪೂ. 287ರ ಸುಮಾರಿಗೆ. ಸಾಯುವಾಗ ಆತನಿಗೆ 75 ವರ್ಷವಾಗಿತ್ತೆಂದು ಬಹುಕಾಲದ ನಂತರ ಬೈಜಾಂಟಿಯಂನ ಲೇಖಕನೊಬ್ಬ ಬರೆದದ್ದರಿಂದ ಹಿಂದಕ್ಕೆ ಎಣಿಸಿ ಪಡೆದ ವರ್ಷವಿದು. ತಂದೆ ಫಿಡಿಯಾಸ್ ಖಗೋಳ ಶಾಸ್ತ್ರಜ್ಞ. ಆ ಹೆಸರು ಸಿಗುವುದು ಮಗನದೇ ಒಂದು ಗ್ರಂಥದಲ್ಲಿ. ಅರಸ ಹಿಯೆರೋನಿಗೆ ಆರ್ಕಿಮಿಡೀಸ್ ಬಂಧುವೂ ಮಿತ್ರನೂ ಆಗಿದ್ದನೆಂಬುದು ಪ್ಲೂಟಾರ್ಕ್ ಕೊಡುವ ಮಾಹಿತಿ. ಈಜಿಪ್ಟಿನ ಅಲೆಕ್ಸಾಂಡ್ರಿಯ ಅಂದಿನ ವಿದ್ವತ್ತಿನ ರಾಜಧಾನಿ. ಅಲ್ಲಿನ ಕೋನಾನ್, ಎರಾಟೊಸ್ತನೀಸ್ ಮುಂತಾದ ವಿದ್ವಾಂಸರೊಡನೆ ಆತ ಪತ್ರ ವ್ಯವಹಾರ ಇಟ್ಟುಕೊಂಡಿದ್ದ. ತನ್ನ ಹಲವು ಗಣಿತ ಕೃತಿಗಳನ್ನು ಪತ್ರಗಳ ರೂಪದಲ್ಲಿಯೇ ಬರೆದು ಕಳುಹಿಸಿದ. ಮಡದಿ, ಮಕ್ಕಳು, ಮನೆ, ಇವುಗಳ ಬಗ್ಗೆ ಚರಿತ್ರೆ ಮೌನ ತಾಳಿದೆ.

ಸ್ನಾನದ ತೊಟ್ಟಿಯಿಂದೆದ್ದು ಬೀದಿಯಲ್ಲಿ ಓಡಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಮೊದಲು ಬರೆದಿಟ್ಟವನು ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್, ಅದೂ ಸುಮಾರು 200 ವರ್ಷಗಳ ನಂತರ. ಇಲ್ಲಿ ಅದರ ಅಗತ್ಯವಿಲ್ಲ.

ರಾಟೆ ಮಾಡುವ ಉಪಕಾರ

ರಾಟೆಯನ್ನು ಆರ್ಕಿಮಿಡೀಸ್ ಕಂಡುಹಿಡಿದನೆಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಆತ ಹುಟ್ಟುವುದಕ್ಕೆ ಬಹಳ ಮೊದಲೇ, ಕ್ರಿ.ಪೂ. ಆರನೆಯ ಶತಮಾನದ ಕೊನೆಯ ವೇಳೆಗೆ, ಗ್ರೀಕರು ದೇವಾಲಯಗಳ ಕಲ್ಲುಗಳನ್ನು ರಾಟೆ ಕಟ್ಟಿದ ಕ್ರೇನುಗಳಿಂದ ಎತ್ತುತ್ತಿದ್ದರು. ಇಕ್ಕಳ ಕಚ್ಚಿಸಲು ಕೊರೆದ ಗುರುತುಗಳು ಆ ಕಲ್ಲುಗಳ ಮೇಲೆ ಇಂದಿಗೂ ಉಳಿದಿವೆ. ಹಲವು ರಾಟೆಗಳನ್ನು ಒಂದೇ ಹಗ್ಗದಲ್ಲಿ ಪೋಣಿಸುವ ಕೂಡುರಾಟೆಯ ಕೀರ್ತಿಯನ್ನು ಮಾತ್ರ ಪ್ರಾಚೀನರು ಆರ್ಕಿಮಿಡೀಸನಿಗೆ ಕಟ್ಟಿದರು.

ಹಳ್ಳಿಯ ಬಾವಿಯ ಮೇಲಿನ ರಾಟೆಯನ್ನು ನೆನಪಿಸಿಕೊಂಡರೆ ಮೊದಲ ಪಾಠ ತಾನಾಗಿ ಮುಗಿಯುತ್ತದೆ. ಅಡ್ಡತೊಲೆಗೆ ಬಿಗಿದ ಆ ಒಂಟಿ ರಾಟೆ ಕೊಡದ ಭಾರವನ್ನು ಗುಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಮಾಡುವ ಉಪಕಾರ ಬೇರೆ: ಬಗ್ಗಿ ಮೇಲಕ್ಕೆತ್ತಬೇಕಾದುದನ್ನು ನೆಟ್ಟಗೆ ನಿಂತು ಕೆಳಕ್ಕೆ ಜಗ್ಗುವಂತೆ ಬದಲಿಸುತ್ತದೆ. ಎಳೆಯುವವರ ಮೈಭಾರವೂ ಕೆಲಸಕ್ಕೆ ಬರುತ್ತದೆ. ಬೆನ್ನು ಉಳಿಯುತ್ತದೆ.

ಬಲದ ಉಳಿತಾಯ ಆರಂಭವಾಗುವುದು ರಾಟೆಯನ್ನು ಮೇಲಿನಿಂದ ಬಿಚ್ಚಿ ಭಾರಕ್ಕೇ ಕಟ್ಟಿದಾಗ. ಹಗ್ಗದ ಒಂದು ತುದಿಯನ್ನು ಮೇಲಿನ ತೊಲೆಗೆ ಬಿಗಿದು, ಭಾರಕ್ಕೆ ಕಟ್ಟಿದ ರಾಟೆಯ ಅಡಿಯಿಂದ ಹಾಯಿಸಿ, ಇನ್ನೊಂದು ತುದಿಯನ್ನು ಮೇಲಕ್ಕೆಳೆದರೆ ಭಾರ ಹಗ್ಗದ ಎರಡು ಸಾಲುಗಳಲ್ಲಿ ತೂಗುತ್ತದೆ. 100 ಕಿಲೋ ಕಲ್ಲಿನ ಅರ್ಧವನ್ನು ತೊಲೆ ಹೊರುತ್ತದೆ, ಉಳಿದರ್ಧ 50 ಕಿಲೋ ಮಾತ್ರ ಮನುಷ್ಯನ ಪಾಲು. ಮೇಲೊಂದಿಷ್ಟು, ಕೆಳಗೊಂದಿಷ್ಟು ರಾಟೆಗಳನ್ನಿಟ್ಟು ಹಗ್ಗವನ್ನು ಹಿಂದೆ ಮುಂದೆ ಹಾಯಿಸುತ್ತ ಹೋದಂತೆ ಭಾರ ಹೊರುವ ಸಾಲುಗಳು ಹೆಚ್ಚುತ್ತವೆ. ಐದು ಸಾಲುಗಳಾದರೆ 20 ಕಿಲೋ, ಹತ್ತಾದರೆ 10 ಕಿಲೋ ಬಲ ಸಾಕು. ವಿಟ್ರುವಿಯಸ್ ತನ್ನ ವಾಸ್ತು ಗ್ರಂಥದ ಹತ್ತನೆಯ ಭಾಗದಲ್ಲಿ ಮೂರು ರಾಟೆಗಳ ಮತ್ತು ಐದು ರಾಟೆಗಳ ಎತ್ತುಯಂತ್ರಗಳನ್ನು ಬೇರೆ ಬೇರೆ ಹೆಸರಿಟ್ಟು ವರ್ಣಿಸಿದ್ದಾನೆ.

ಆದರೆ ಪುಕ್ಕಟೆ ಸಿಗುವುದು ಯಾವುದೂ ಇಲ್ಲ. ಎರಡು ಸಾಲುಗಳಲ್ಲಿ ತೂಗುವ ಕಲ್ಲು ಒಂದು ಮೀಟರ್ ಮೇಲೇರಬೇಕಾದರೆ ಎರಡೂ ಸಾಲುಗಳು ಒಂದೊಂದು ಮೀಟರ್ ಗಿಡ್ಡವಾಗಬೇಕು. ಅಂದರೆ ಎಳೆಯುವವನು ಎರಡು ಮೀಟರ್ ಹಗ್ಗವನ್ನು ತನ್ನತ್ತ ಸೆಳೆದುಕೊಳ್ಳಬೇಕು. ಐದು ಸಾಲುಗಳಿದ್ದರೆ ಐದು ಮೀಟರ್, ಹತ್ತಿದ್ದರೆ ಹತ್ತು ಮೀಟರ್. ತೋಳಿಗೆ ಉಳಿಸಿದ್ದನ್ನು ಹಗ್ಗಕ್ಕೆ ತೆರಬೇಕು, ಹೊತ್ತಿಗೂ ತೆರಬೇಕು. ಬಡ್ಡಿಯಿಲ್ಲದ ಕಂತಿನ ಸಾಲ ಇದ್ದ ಹಾಗೆ: ಒಟ್ಟು ಮೊತ್ತ ಕಡಿಮೆಯಾಗುವುದಿಲ್ಲ, ಒಂದೊಂದು ಸಲಕ್ಕೆ ಕೊಡಬೇಕಾದುದು ಕಡಿಮೆಯಾಗುತ್ತದೆ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರಾನ್ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಬಲ ಎಷ್ಟು ಪಾಲು ಇಳಿಯುವುದೋ ಕಾಲ ಅಷ್ಟೇ ಪಾಲು ಏರುವುದೆಂದು ಸ್ಪಷ್ಟವಾಗಿ ಬರೆದ. ಇಡೀ ಗ್ರಂಥ ಇಂದು ಉಳಿದಿರುವುದು ಅರಬ್ಬಿ ಅನುವಾದದಲ್ಲಿ.

ಆರ್ಕಿಮಿಡೀಸನಿಗೆ ಈ ಪ್ರಮಾಣದ ಅರಿವು ಸನ್ನೆಗೋಲಿನಿಂದ ಬಂದಿತ್ತು. ಊರುಗಂಬದಿಂದ ಹತ್ತು ಗೇಣು ದೂರದಲ್ಲಿರುವ ಒಂದು ಸೇರು ತೂಕ, ಒಂದು ಗೇಣು ದೂರದಲ್ಲಿರುವ ಹತ್ತು ಸೇರನ್ನು ಸರಿದೂಗಿಸುತ್ತದೆಂಬ ನಿಯಮವನ್ನು ಆತ ರೇಖಾಗಣಿತದ ಪ್ರಮೇಯದಂತೆ ಸಾಧಿಸಿದ. ಆ ಗ್ರಂಥ ಇಂದಿಗೂ ಲಭ್ಯ. ಬೇಕಾದಷ್ಟು ಉದ್ದದ ಸನ್ನೆಗೋಲು ಇದ್ದರೆ ಎಷ್ಟು ಸಣ್ಣ ಬಲವೂ ಎಷ್ಟು ದೊಡ್ಡ ಭಾರವನ್ನೂ ಕದಲಿಸಬಲ್ಲದೆಂಬುದು ಅದರ ಸಹಜ ಫಲಿತಾಂಶ. ನಿಲ್ಲುವುದಕ್ಕೆ ಬೇರೆ ನೆಲವೊಂದಿದ್ದರೆ ಭೂಮಿಯನ್ನೇ ಸರಿಸುವೆನೆಂದು ಆತ ಹೆಮ್ಮೆಪಟ್ಟನೆಂಬ ಐತಿಹ್ಯ ಹುಟ್ಟಿದ್ದು ಇಲ್ಲಿಂದಲೇ. ಭೂಮಿಯನ್ನು ಬಿಟ್ಟು ಮೊದಲು ಕಣ್ಣಿಗೆ ಕಾಣುವುದನ್ನು ಕದಲಿಸಿ ತೋರಿಸೆಂದು ಹಿಯೆರೋ ಕೇಳಿದ. ಹಾಗಾಗಿ ಹಡಗು ಬಂತು.

ಘರ್ಷಣೆಯೆಂಬ ಕಪ್ಪಕಾಣಿಕೆ

ಪ್ಲೂಟಾರ್ಕನ ಕಥೆಗೆ ಎದುರು ನಿಲ್ಲುವುದು ಘರ್ಷಣೆ. ಹಗ್ಗ ಬಾಗುವಾಗಲೂ ಗಾಲಿ ಅಚ್ಚಿನ ಮೇಲೆ ಉಜ್ಜುವಾಗಲೂ ಬಲದ ಒಂದು ಪಾಲು ಸೋರಿಹೋಗುತ್ತದೆ. ಮರದ ಗಾಲಿ, ನಾರಿನ ದಪ್ಪ ಹಗ್ಗ, ಬಾಲ್‌ಬೇರಿಂಗ್ ಕಾಣದ ಕಾಲ. ಪ್ರತಿ ರಾಟೆಯೂ ನೂರಕ್ಕೆ ಹತ್ತರಷ್ಟನ್ನು ನುಂಗುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಫಲ ಬೆರಗು ಹುಟ್ಟಿಸುತ್ತದೆ. ಐದು ರಾಟೆಗಳು ಐದು ಪಟ್ಟಿನ ಬದಲು 3.7 ಪಟ್ಟು ಮಾತ್ರ ಕೊಡುತ್ತವೆ. ಹತ್ತು ರಾಟೆಗಳಿಂದ ಆರು ಪಟ್ಟೂ ದಕ್ಕದು. ನೂರು ರಾಟೆಗಳನ್ನು ಸಾಲಾಗಿ ಪೋಣಿಸಿದರೂ ಒಟ್ಟು ಲಾಭ ಒಂಬತ್ತು ಪಟ್ಟನ್ನು ಎಂದೂ ದಾಟಲಾರದು, ಏಕೆಂದರೆ ಕೊನೆಕೊನೆಯ ಸಾಲುಗಳನ್ನು ತಲುಪುವ ಹೊತ್ತಿಗೆ ಹಗ್ಗದಲ್ಲಿ ಬಿಗಿತವೇ ಉಳಿದಿರುವುದಿಲ್ಲ.

ಒಬ್ಬ ಮನುಷ್ಯ ಕುಳಿತು ಆರಾಮವಾಗಿ 25 ಕಿಲೋದಷ್ಟು ಜಗ್ಗಬಲ್ಲನೆಂದುಕೊಂಡರೂ ಒಂಬತ್ತು ಪಟ್ಟೆಂದರೆ 225 ಕಿಲೋ. ಸರಕು ತುಂಬಿದ ಹಡಗಿನ ಮುಂದೆ ಇದು ಏನೇನೂ ಅಲ್ಲ. ರಾಟೆಗಳ ಒಂದು ಜೋಡಣೆಯಿಂದಷ್ಟೇ ಆರ್ಕಿಮಿಡೀಸ್ ಹಡಗೆಳೆದಿರಲು ಸಾಧ್ಯವಿಲ್ಲ.

ಪ್ರಾಚೀನರಲ್ಲಿಯೂ ಈ ಬಗ್ಗೆ ಒಮ್ಮತವಿಲ್ಲ ಎಂಬುದು ಗಮನಾರ್ಹ. ಪ್ಲೂಟಾರ್ಕ್ ಕೂಡುರಾಟೆ ಎಂದರೆ, ಅಥೀನಿಯಸ್ ಎಂಬಾತ ತಿರುಪಿನ ಯಂತ್ರವೆನ್ನುತ್ತಾನೆ. ಐದನೆಯ ಶತಮಾನದ ಪ್ರೋಕ್ಲಸ್ ಹಡಗನ್ನು ಎಳೆದ ಕೈ ಸ್ವತಃ ಹಿಯೆರೋನದೆಂದು ಬರೆದಿದ್ದಾನೆ. ಹನ್ನೆರಡನೆಯ ಶತಮಾನದ ಟ್ಸೆಟ್ಸೆಸನ ಪ್ರಕಾರ ಅದು ಮೂರು ರಾಟೆಗಳ ಯಂತ್ರ. ಇವುಗಳಲ್ಲಿ ಯಂತ್ರವಿಜ್ಞಾನಕ್ಕೆ ಹೆಚ್ಚು ಒಪ್ಪುವುದು ಅಥೀನಿಯಸನ ಮಾತು. ರಾಟೆಗಳಿಂದ ಬಂದ ಹಗ್ಗವನ್ನು ಉರುಳೆಗೆ ಸುತ್ತಿ, ಉರುಳೆಯನ್ನು ಉದ್ದನೆಯ ಹಿಡಿಕೆಯಿಂದ ತಿರುಗಿಸಿದರೆ ಲಾಭಕ್ಕೆ ಲಾಭ ಗುಣಿಸಿಕೊಳ್ಳುತ್ತದೆ. ಉರುಳೆಯ ತ್ರಿಜ್ಯದ ಹತ್ತರಷ್ಟು ಉದ್ದದ ಹಿಡಿಕೆ ಇದ್ದಲ್ಲಿ ಆರು ಪಟ್ಟು ಹೋಗಿ ಅರವತ್ತರ ಹತ್ತಿರಕ್ಕೆ ಬರುತ್ತದೆ. ಉರುಳೆಗೆ ಹಲ್ಲುಚಕ್ರ ಜೋಡಿಸಿ ಅದನ್ನು ತಿರುಪಿನಿಂದ ನಡೆಸಿದರೆ ಇನ್ನೂ ಬಹುಪಾಲು ಏರಿಕೆ. ತಿರುಪಿಗೆ ಇನ್ನೊಂದು ಗುಣವುಂಟು: ಕೈಬಿಟ್ಟರೂ ಭಾರ ಹಿಂದಕ್ಕೆ ಓಡುವುದಿಲ್ಲ, ದಣಿದವನು ಕುಳಿತು ಸುಧಾರಿಸಿಕೊಳ್ಳಬಹುದು. 5 ಟ್ಯಾಲೆಂಟ್ ಬಲದಿಂದ 1,000 ಟ್ಯಾಲೆಂಟ್ ಭಾರವನ್ನು ಕದಲಿಸುವ, ಅಂದರೆ 200 ಪಟ್ಟಿನ ಹಲ್ಲುಚಕ್ರದ ಯಂತ್ರವೊಂದನ್ನು ಹೆರಾನ್ ವಿವರಿಸಿದ್ದಾನೆ.

ಆಗಲೂ ಹಗ್ಗದ ಲೆಕ್ಕ ತಪ್ಪದು. 200 ಪಟ್ಟು ಲಾಭವೆಂದರೆ ಹಡಗು ಒಂದು ಮೀಟರ್ ಸರಿಯಲು ಕೈ ಕನಿಷ್ಠ 200 ಮೀಟರ್ ಚಲಿಸಬೇಕು. ಕಡಲಿನಲ್ಲಿ ತೇಲಿದಂತೆ ಬಂತೆಂಬ ವರ್ಣನೆಯನ್ನು ಕವಿಸಮಯವೆಂದೇ ಭಾವಿಸಬೇಕಾಗುತ್ತದೆ. ಹಡಗು ಬಂದಿದ್ದರೆ ಬಸವನಹುಳುವಿನಂತೆ, ಅಂಗುಲ ಅಂಗುಲವಾಗಿ ಬಂದಿರಬೇಕು. ಅದನ್ನು ಕುಳಿತು ನೋಡಿದ ಅರಸನ ತಾಳ್ಮೆಯೂ ಮೆಚ್ಚತಕ್ಕದ್ದೇ.

ಕಥೆಯ ಬಣ್ಣ ತೊಳೆದುಹೋದರೂ ಒಳಗಿನ ತಿರುಳು ಗಟ್ಟಿಯಾಗಿಯೇ ಉಳಿಯುತ್ತದೆ. ಬಡಗಿಗಳು, ಕಲ್ಲುಕುಟಿಗರು, ನಾವಿಕರು ಅನುಭವದಿಂದ ಬಳಸುತ್ತಿದ್ದ ಸಾಧನಗಳನ್ನು ಗಣಿತದ ಕಣ್ಣಿನಿಂದ ನೋಡಿ, ಇಷ್ಟು ಭಾರಕ್ಕೆ ಇಷ್ಟು ಬಲ ಸಾಕೆಂದು ಮೊದಲೇ ಹೇಳಬಲ್ಲವನೊಬ್ಬ ಬಂದಿದ್ದ. ಹಿಯೆರೋ ಬೆರಗಾದದ್ದು ಈ ಕಾರಣಕ್ಕಾಗಿದ್ದರೆ ಅದು ಯುಕ್ತವೇ.

ಅಥೀನಿಯಸ್ ಹೇಳುವ ಹಡಗು ಸಾಮಾನ್ಯದ್ದಲ್ಲ. ಹಿಯೆರೋ ಕಟ್ಟಿಸಿದ ಸಿರಕೂಸಿಯಾ ಎಂಬ ಆ ಮಹಾನೌಕೆಗೆ 60 ಯುದ್ಧನೌಕೆಗಳಿಗೆ ಸಾಕಾಗುವಷ್ಟು ಮರ ಹಿಡಿಯಿತಂತೆ. ಕೊರಿಂಥಿನ ಆರ್ಕಿಯಾಸ್ ಅದರ ಮುಖ್ಯ ಶಿಲ್ಪಿ. 300 ಮಂದಿ ಕುಶಲಕರ್ಮಿಗಳು, ಅವರ ಕೈಯಾಳುಗಳು ಬೇರೆ. ಆರು ತಿಂಗಳಲ್ಲಿ ಅರ್ಧ ಕೆಲಸ ಮುಗಿದಾಗ ಉಳಿದರ್ಧವನ್ನು ನೀರಿನಲ್ಲಿ ಮುಗಿಸಲು ನಿಶ್ಚಯವಾಯಿತು. ಆ ಗಾತ್ರವನ್ನು ದಡದಿಂದ ನೀರಿಗೆ ಇಳಿಸುವುದು ಹೇಗೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಆರ್ಕಿಮಿಡೀಸ್ ಕೆಲವೇ ಆಳುಗಳ ನೆರವಿನಿಂದ ಇಳಿಸಿಕೊಟ್ಟನೆಂಬುದು ಆ ವರ್ಣನೆ. ಒಬ್ಬನೇ ಎಂಬಲ್ಲಿ ಕೆಲವರು ಎಂದಿರುವುದೇ ಇದರ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಸ್ನಾನಗೃಹ, ಗ್ರಂಥಾಲಯ, ಹೂದೋಟ, ದೇವಿಯ ಗುಡಿ ಎಲ್ಲವೂ ಇದ್ದ ಆ ಹಡಗು ಸಿಸಿಲಿಯ ಬಂದರುಗಳಿಗೆ ಅತಿಯಾಯಿತು. ಹಿಯೆರೋ ಅದನ್ನು ಈಜಿಪ್ಟಿನ ದೊರೆ ಟಾಲೆಮಿಗೆ ಉಡುಗೊರೆಯಾಗಿ ಕಳುಹಿಸಿಕೊಟ್ಟ.

ಕೋಟೆಯ ಮೇಲೆ ಹಗ್ಗದ ತುದಿ

ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ ಹಿಯೆರೋ, ರೋಮ್ ಮತ್ತು ಕಾರ್ಥೇಜ್ ಎಂಬ ಎರಡು ಮದಗಜಗಳ ನಡುವೆ ಸಿಕ್ಕಿದ ಪುಟ್ಟ ರಾಜ್ಯವನ್ನು ಜಾಣ್ಮೆಯಿಂದ ಕಾಪಾಡಿಕೊಂಡಿದ್ದ. ಕ್ರಿ.ಪೂ. 263ರಲ್ಲಿ ರೋಮಿನೊಡನೆ ಮಾಡಿಕೊಂಡ ಒಪ್ಪಂದಕ್ಕೆ ಕೊನೆಯತನಕ ಬದ್ಧನಾಗಿದ್ದ. ಆತ ಮಾಡಿಸಿದ್ದ ಯಂತ್ರಗಳು ಅವನ ಕಾಲದಲ್ಲಿ ಕೆಲಸಕ್ಕೆ ಬರಲೇ ಇಲ್ಲ. ಕ್ರಿ.ಪೂ. 215ರಲ್ಲಿ ಮುದುಕ ಅರಸ ತೀರಿಕೊಂಡ. ಪಟ್ಟಕ್ಕೆ ಬಂದ ಮೊಮ್ಮಗ ಹಿರೋನಿಮಸ್ ಕಾರ್ಥೇಜಿನ ಕಡೆ ವಾಲಿದ, ಮರುವರ್ಷವೇ ಕೊಲೆಯಾದ. ಊರು ಕಾರ್ಥೇಜ್ ಪಕ್ಷಪಾತಿಗಳ ಕೈಸೇರಿತು. ರೋಮಿನ ಸೇನಾಪತಿ ಮಾರ್ಸೆಲಸ್ ದಂಡೆತ್ತಿ ಬಂದ. ಎಪ್ಪತ್ತು ದಾಟಿದ ಆರ್ಕಿಮಿಡೀಸ್ ಕೋಟೆಯ ಹೊಣೆ ಹೊರಬೇಕಾಯಿತು.

ಆ ಮುತ್ತಿಗೆ ಮುಗಿದ ಹತ್ತು ಹನ್ನೆರಡು ವರ್ಷಗಳಲ್ಲಿ ಹುಟ್ಟಿದ ಇತಿಹಾಸಕಾರ ಪೊಲಿಬಿಯಸನ ವರದಿ ಇಲ್ಲಿ ಹೆಚ್ಚು ನಂಬಲರ್ಹ. ರೋಮನ್ನರ ಬಳಿ 60 ದೊಡ್ಡ ಯುದ್ಧನೌಕೆಗಳಿದ್ದವು. ಅವುಗಳಲ್ಲಿ ಎಂಟನ್ನು ಎರಡೆರಡಾಗಿ ಜೋಡಿಸಿ ಕಟ್ಟಿ, ಪ್ರತಿ ಜೋಡಿಯ ಮೇಲೂ ಅಗಲವಾದ ಏಣಿಯೊಂದನ್ನು ಮಲಗಿಸಿದ್ದರು. ಹಾಯಿಕಂಬಗಳ ತುದಿಯಲ್ಲಿ ರಾಟೆಗಳಿದ್ದವು. ಹಡಗಿನ ಹಿಂಭಾಗದಲ್ಲಿ ನಿಂತ ಆಳುಗಳು ರಾಟೆಯ ಮೂಲಕ ಹಗ್ಗ ಎಳೆದಂತೆ ಏಣಿ ಮೇಲೆದ್ದು ಕೋಟೆಗೋಡೆಗೆ ತಾಗುತ್ತಿತ್ತು. ರಾಟೆ ಸಿರಾಕ್ಯೂಸಿನ ಸ್ವತ್ತಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ಸಾಧನ ಕೆಳಗಿನಿಂದ ಮುತ್ತುವವರ ಕೈಯಲ್ಲೂ ಇತ್ತು.

ಮೇಲಿನಿಂದ ಬಂದದ್ದು ಬೇರೆಯೇ ಬಗೆಯದು. ಗೋಡೆಯ ಮರೆಯಿಂದ ಉದ್ದನೆಯ ತೊಲೆಗಳು ಹೊರಚಾಚಿ 10 ಟ್ಯಾಲೆಂಟ್, ಅಂದರೆ ಸುಮಾರು 260 ಕಿಲೋ ತೂಕದ ಕಲ್ಲುಗಳನ್ನು ಏಣಿಗಳ ಮೇಲೆ ಕೆಡವಿದವು. ಇನ್ನು ಕೆಲವು ತೊಲೆಗಳ ತುದಿಯಲ್ಲಿ ಸರಪಳಿಗೆ ಕಟ್ಟಿದ ಕಬ್ಬಿಣದ ಕೈಗಳಿದ್ದವು. ಅವು ಹಡಗಿನ ಮೂತಿಯನ್ನು ಹಿಡಿದುಕೊಳ್ಳುತ್ತಿದ್ದಂತೆ ಗೋಡೆಯ ಒಳಗಿದ್ದವರು ತೊಲೆಯ ಇನ್ನೊಂದು ತುದಿಯನ್ನು ಕೆಳಕ್ಕೆ ಅದುಮುತ್ತಿದ್ದರು. ಹಡಗು ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಆಮೇಲೆ ಸರಪಳಿಯನ್ನು ಒಮ್ಮೆಲೆ ಸಡಿಲಿಸಿದರೆ ಕೆಲವು ಮಗುಚುತ್ತಿದ್ದವು, ಕೆಲವು ನೀರು ತುಂಬಿ ಮುಳುಗುತ್ತಿದ್ದವು. ಇದು ಮುಖ್ಯವಾಗಿ ಸನ್ನೆಗೋಲಿನ ಕೆಲಸ. ಕನ್ನಡಿಗಳಿಂದ ಬಿಸಿಲು ಹಾಯಿಸಿ ಹಡಗುಗಳನ್ನು ಸುಟ್ಟ ಕಥೆ ಪೊಲಿಬಿಯಸನಲ್ಲಿಲ್ಲ, ಲಿವಿಯಲ್ಲಿಲ್ಲ, ಪ್ಲೂಟಾರ್ಕನಲ್ಲಿಯೂ ಇಲ್ಲ. ಅದು ನಂತರದವರ ಸೇರ್ಪಡೆ.

ಕಡೆಕಡೆಗೆ ರೋಮನ್ ಸೈನಿಕರು ಎಷ್ಟು ಬೆದರಿದ್ದರೆಂದರೆ, ಗೋಡೆಯ ಮೇಲೆ ಹಗ್ಗದ ತುಂಡೋ ಮರದ ಚೂರೋ ಇಣುಕಿದರೂ ಹೊಸ ಯಂತ್ರ ಬಂತೆಂದು ಬೆನ್ನು ತಿರುಗಿಸಿ ಓಡುತ್ತಿದ್ದರಂತೆ. ಮಾರ್ಸೆಲಸ್ ನೇರ ದಾಳಿಯನ್ನು ಕೈಬಿಟ್ಟು ಊರಿಗೆ ಅನ್ನ ನೀರು ತಲುಪದಂತೆ ತಡೆದು ಕುಳಿತ. ಅದಕ್ಕೆ ಪ್ರತಿಯಾಗಿ ಹೂಡಬಲ್ಲ ಯಂತ್ರ ಆರ್ಕಿಮಿಡೀಸನ ಬಳಿ ಇರಲಿಲ್ಲ.

ಕ್ರಿ.ಪೂ. 212ರಲ್ಲಿ ಆರ್ಟೆಮಿಸ್ ದೇವಿಯ ಉತ್ಸವದ ರಾತ್ರಿ, ಊರು ಕುಡಿತದಲ್ಲಿ ಮೈಮರೆತಿದ್ದಾಗ, ರೋಮನ್ನರು ಏಣಿ ಹಾಕಿ ಹೊರಗೋಡೆ ಹತ್ತಿದರು. ಒಳಕೋಟೆ ಇನ್ನೂ ಕೆಲವು ತಿಂಗಳು ತಡೆದುಕೊಂಡಿತು. ಕೊನೆಗೆ ಕೂಲಿಪಡೆಯ ನಾಯಕನೊಬ್ಬನ ದ್ರೋಹದಿಂದ ಅದೂ ಬಿತ್ತು. ಸೂರೆ ನಡೆಯುತ್ತಿದ್ದ ಹೊತ್ತಿನಲ್ಲಿ ಸೈನಿಕನೊಬ್ಬ ಆರ್ಕಿಮಿಡೀಸನನ್ನು ಕೊಂದ. ಪ್ಲೂಟಾರ್ಕ್ ಮೂರು ಪಾಠಗಳನ್ನು ಕೊಡುತ್ತಾನೆ. ರೇಖಾಚಿತ್ರದಲ್ಲಿ ಮುಳುಗಿದ್ದವನು ಮಾರ್ಸೆಲಸನ ಬಳಿಗೆ ಬರಲು ತಡ ಮಾಡಿದನೆಂಬುದು ಒಂದು. ಕೊಲ್ಲಲೆಂದೇ ಬಂದವನ ಬಳಿ ಲೆಕ್ಕ ಮುಗಿಸಲು ತುಸು ಸಮಯ ಬೇಡಿದನೆಂಬುದು ಇನ್ನೊಂದು. ಮೂರನೆಯದರಲ್ಲಿ ಆತ ತನ್ನ ಉಪಕರಣಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮಾರ್ಸೆಲಸನನ್ನು ಕಾಣಲು ಹೊರಟಿದ್ದ, ಪೆಟ್ಟಿಗೆಯಲ್ಲಿ ಚಿನ್ನವಿದೆಯೆಂದು ಸೈನಿಕರು ಬಗೆದರು. ಸೂರೆಯ ನಡುವೆ ಹೆಚ್ಚು ಸಹಜವಾಗಿ ತೋರುವುದು ಈ ಕೊನೆಯದೇ. ಮಾರ್ಸೆಲಸ್ ಈ ಸಾವಿಗೆ ನೊಂದು, ಆರ್ಕಿಮಿಡೀಸನ ಬಂಧುಗಳನ್ನು ಹುಡುಕಿಸಿ ಗೌರವಿಸಿದನೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆತನ ಸಮಾಧಿಯ ಮೇಲೆ ರಾಟೆಯಾಗಲಿ ಸನ್ನೆಗೋಲಾಗಲಿ ಇರಲಿಲ್ಲ. ಉರುಳೆಯಾಕಾರದೊಳಗೆ ಕೂರಿಸಿದ ಗೋಳದ ಚಿಹ್ನೆಯಿತ್ತು. ಗೋಳದ ಗಾತ್ರ ಅದನ್ನು ಸುತ್ತಿದ ಉರುಳೆಯ ಗಾತ್ರದ ಮೂರರಲ್ಲಿ ಎರಡು ಪಾಲೆಂಬ ತನ್ನ ಪ್ರಮೇಯವೇ ಗೋರಿಯ ಮೇಲಿರಬೇಕೆಂದು ಆತ ಬಯಸಿದ್ದ. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸೆರೋ ಮುಳ್ಳುಪೊದೆಗಳ ನಡುವೆ ಅದನ್ನು ಪತ್ತೆಹಚ್ಚಿದ. ಅಷ್ಟರಲ್ಲಿ ಸ್ವಂತ ಊರಿನವರೇ ಅದನ್ನು ಮರೆತಿದ್ದರು.

ಯಂತ್ರಗಳ ಬಗ್ಗೆ ಬರೆಯುವುದು ಆರ್ಕಿಮಿಡೀಸನಿಗೆ ಹೀನಾಯವೆನಿಸಿತ್ತು ಎಂದು ಪ್ಲೂಟಾರ್ಕ್ ಹೇಳುತ್ತಾನೆ. ಅದು ಪ್ಲೂಟಾರ್ಕನದೇ ಅಭಿರುಚಿಯೂ ಇರಬಹುದು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್, ಅಂದಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದು ಪ್ರಾರ್ಥನಾ ಪುಸ್ತಕವನ್ನು ಪರಿಶೀಲಿಸಿದಾಗ ಈ ಅನುಮಾನಕ್ಕೆ ಬಲ ಬಂತು. ಹತ್ತನೆಯ ಶತಮಾನದಲ್ಲಿ ಪ್ರತಿಮಾಡಿದ ಆರ್ಕಿಮಿಡೀಸನ ಕೃತಿಗಳನ್ನು ಕೆರೆದು ಅಳಿಸಿ, 1229ರಲ್ಲಿ ಅದೇ ಚರ್ಮದ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆಯಲಾಗಿತ್ತು. ಕೆಳಗಿನ ಅಕ್ಷರಗಳಲ್ಲಿ, ಎರಾಟೊಸ್ತನೀಸನಿಗೆ ಬರೆದ ಪತ್ರರೂಪದ ಗ್ರಂಥವೊಂದಿತ್ತು. ಆಕೃತಿಗಳನ್ನು ತೆಳು ಹೋಳುಗಳಾಗಿ ಸೀಳಿ, ಊಹೆಯ ತಕ್ಕಡಿಯಲ್ಲಿ ತೂಗಿ ಪ್ರಮೇಯಗಳನ್ನು ಕಂಡುಕೊಂಡ ಬಗೆಯನ್ನು ಆತ ಅದರಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದ. ಸನ್ನೆಗೋಲು ಅವನ ಗಣಿತದ ಒಳಮನೆಯಲ್ಲಿಯೇ ಇತ್ತು. 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಪುಸ್ತಕ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅನಂತರ ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಹತ್ತು ವರ್ಷ ಅದರ ಸಂರಕ್ಷಣೆ ನಡೆಯಿತು. ಕ್ಷಕಿರಣವನ್ನೂ ಹಾಯಿಸಿ ಅಳಿಸಿದ ಸಾಲುಗಳನ್ನು ಓದಲಾಯಿತು. ಗೋಳ, ಸುರುಳಿ, ವೃತ್ತ, ತೇಲುವ ವಸ್ತುಗಳು, ಸಮತೋಲ, ಎಲ್ಲವೂ ಅದರಲ್ಲಿವೆ. ರಾಟೆಯ ಬಗ್ಗೆ ಗ್ರಂಥವಿಲ್ಲ.